ಪುಸ್ತಕದ ತುಂಬ ಹಳದಿ

ಮೊದಲ ಸಲ ನೀರಿಗಿಟ್ಟ ಮೂವತ್ತೆರಡು ಸಸಿಗಳಲ್ಲಿ ಒಂದೂ ಉಳಿಯಲಿಲ್ಲ.

ಹನ್ನೆರಡನೇ ದಿನ ಬೆಳಗ್ಗೆ ಮಗಳು ಬಾಲ್ಕನಿಯ ಬಾಗಿಲು ತೆಗೆದಾಗ ನಾಲ್ಕೂ ಬಿಳಿ ಪೈಪುಗಳ ಮೇಲೆ ಎಲೆಗಳು ಅಂಚು ಸುಟ್ಟ ಕಾಗದದ ಹಾಗೆ ಮುದುರಿ ಮಲಗಿದ್ದವು. ಕೆಳಗೆ ಟಬ್ಬಿನಲ್ಲಿ ಪುಟ್ಟ ಮೋಟಾರು ಮಾತ್ರ ತನ್ನ ಪಾಡಿಗೆ ತಾನು ಗುಂಯ್‌ಗುಡುತ್ತ ಸತ್ತ ಸಸಿಗಳಿಗೆ ನೀರು ಕಳಿಸುತ್ತಿತ್ತು.

"ಅಪ್ಪಾ, ನೀರಿಗೆ ಗೊಬ್ಬರದ ದ್ರವ ಎಷ್ಟು ಹಾಕಿದೆ?"

"ನೀನು ಹೇಳಿದಷ್ಟೇ. ಆ ಬಾಟಲಿದು ನಲವತ್ತು ಎಂಎಲ್, ಈ ಬಾಟಲಿದು ನಲವತ್ತು."

"ಅಳತೆ ಲೋಟದಲ್ಲಿ ಗೆರೆ ನೋಡಿ ತಾನೆ?"

"ಇಲ್ಲ, ಕುಡಿದು ಬಂದು ಅಂದಾಜಲ್ಲಿ ಸುರಿದೆ," ಅಂದ ಅಪ್ಪ ಷೂ ಹಾಕಿಕೊಳ್ಳುತ್ತ. "ಮೋಟಾರು ಸರಿಯಿಲ್ಲ ಅಂತ ಮೊದಲೇ ಹೇಳಿದ್ದೆ."

ಕೋಣೆಯಿಂದ ಅಜ್ಜಿಯ ದನಿ ಬಂತು. "ನೀರಲ್ಲಿ ಗಿಡ ಬೆಳೆಯೋದು ಕೆರೆಯಲ್ಲಿ ಕಣೇ. ಮೂರನೇ ಮಹಡಿ ಪೈಪಲ್ಲಲ್ಲ."

ಇಷ್ಟಕ್ಕೂ ಈ ಪೈಪು ಮನೆಗೆ ಬಂದದ್ದೇ ಅಜ್ಜಿಯ ದೆಸೆಯಿಂದ. ಎರಡು ತಿಂಗಳ ಹಿಂದೆ ಆಕೆ ಹೊಟ್ಟೆ ಕೆಟ್ಟು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಸಂತೆಯ ಸೊಪ್ಪನ್ನು ಕೊಳಕು ನೀರಲ್ಲಿ ಬೆಳೆದಿರಬೇಕು ಅಂದರು ಡಾಕ್ಟರು. ಸೊಪ್ಪಿಲ್ಲದೆ ಅಜ್ಜಿಗೆ ತುತ್ತು ಇಳಿಯುವುದಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, ಊರು ಬಿಟ್ಟು ಹೋಗುತ್ತಿದ್ದ ಗಿರಾಕಿಯೊಬ್ಬರು ಬಿಟ್ಟುಕೊಟ್ಟ ಪೈಪು, ಟಬ್ಬು, ಮೋಟಾರುಗಳನ್ನೆಲ್ಲ ಆಟೋದಲ್ಲಿ ಹೇರಿಕೊಂಡು ಬಂದಳು. ಅವಳು ಮನೆಗೆ ಬರುವಾಗ ರಾತ್ರಿ ಎಂಟಾಗುತ್ತದೆ. ಅಮ್ಮನಿಗೆ ಹೊಲಿಗೆ ಮಷೀನು ಬಿಟ್ಟು ಏಳಲು ಪುರುಸೊತ್ತಿಲ್ಲ. ಶಾಲೆಗಳ ಸಮವಸ್ತ್ರದ ಸೀಸನ್ನು. ಅಪ್ಪ ಬಸ್ ಡ್ರೈವರು, ಬೆಳಗಿನ ಪಾಳಿ, ಮಧ್ಯಾಹ್ನ ಎರಡಕ್ಕೆಲ್ಲ ಮನೆ. ಹಾಗಾಗಿ ಸಸಿಗಳು ಅಪ್ಪನ ಪಾಲಿಗೆ ಬಂದವು.

ಅವನಿಗೂ ಖುಷಿಯೇ ಆಗಿತ್ತು. ಪೈಪಿನ ಮೊಣಕೈ ಜೋಡಿಸಿದ್ದು, ಸೋರುವ ಕಡೆ ರಬ್ಬರು ಸುತ್ತಿದ್ದು, ಟೈಮರು ಕೂರಿಸಿದ್ದು ಎಲ್ಲ ಅವನೇ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದಿನವೂ ತಾರೀಕು ಹಾಕಿ ಬರೆಯುತ್ತಿದ್ದ. ಗಾಜಿನ ಪುಟ್ಟ ಕೊಳವೆಯಲ್ಲಿ ಚೂರು ನೀರು ತೆಗೆದು ಮೂರು ಹನಿ ಪರೀಕ್ಷೆ ದ್ರವ ಹಾಕಿದರೆ ನೀರಿನ ಬಣ್ಣ ತಿರುಗುತ್ತದೆ. ಹಳದಿಯಾದರೆ ಸಸಿಗೆ ಒಗ್ಗುವ ನೀರು. ಹಸಿರೋ ನೀಲಿಯೋ ಆದರೆ ಹುಳಿ ಸಾಲದು, ಕೆಂಪಾದರೆ ಹುಳಿ ಹೆಚ್ಚು. ಪುಸ್ತಕದ ತುಂಬ ಹಳದಿ ಅಂತಲೇ ಇತ್ತು.

"ಸತ್ತಿದ್ದು ಸತ್ತವು," ಅಂದಳು ಅಮ್ಮ, ಮಷೀನಿನಿಂದ ತಲೆ ಎತ್ತದೆ. "ಅವರಿಗೆ ಹೊತ್ತಾಗುತ್ತೆ, ಹೋಗೋಕೆ ಬಿಡು."

ಮಗಳು ಮುದುರಿದ ಸಸಿಗಳನ್ನು ಕಿತ್ತು ಹಾಕಿದಳು. ಅಳತೆ ಲೋಟ ತೊಳೆಯುವಾಗ ಅದರ ಗೆರೆಗಳು ಎಷ್ಟು ಸಣ್ಣವು ಅನ್ನಿಸಿತು, ಅಷ್ಟೇ.

ಎರಡನೇ ಸಲಕ್ಕೆ ಬೀಜ ಹಾಕಿದ್ದು ಅವಳೇ. ಒದ್ದೆ ಸ್ಪಂಜಿನ ಒಂದೊಂದು ಚೌಕಕ್ಕೆ ಒಂದೊಂದು ಬೀಜ, ಮೇಲೆ ಬಟ್ಟೆ ಮುಚ್ಚಿ ಕತ್ತಲಲ್ಲಿ ಎರಡು ದಿನ. ಹತ್ತು ದಿನಕ್ಕೆ ಪಾಲಕ್ ಎರಡೆಲೆ ಬಿಟ್ಟು, ಸ್ಪಂಜಿನ ಕೆಳಗೆ ಬಿಳಿ ದಾರದಂಥ ಬೇರು ಇಣುಕಿತು. ಅದನ್ನು ಜಾಲರಿ ಬಟ್ಟಲಿಗೆ ಕೂರಿಸಿ, ಬೇರು ಕೆಳಗಿನ ಸೀಳಿನಿಂದ ಇಳಿಬೀಳುವಂತೆ ಬಿಡಿಸಿ, ಪೈಪಿನ ತೂತಿಗಿಡಬೇಕು. ಅವತ್ತು ಅಂಗಡಿಯಲ್ಲಿ ರಜೆ ಸಿಗಲಿಲ್ಲ. ಅಪ್ಪ, "ಕೋಳಿಮರಿ ಹಿಡಿದ ಹಾಗೆ ಹಿಡೀತೀನಿ, ಹೋಗು," ಅಂದ.

ರಾತ್ರಿ ಬಂದಾಗ ಮೂವತ್ತೆರಡೂ ತೂತು ತುಂಬಿದ್ದವು. ಅಪ್ಪ ತರಕಾರಿ ತರಲು ಹೋಗಿದ್ದ. ಅಜ್ಜಿ ಬಾಲ್ಕನಿಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು.

"ಬಂದ್ಯಾ? ಇಲ್ಲಿ ಬಾ. ನಿಮ್ಮಪ್ಪ ಸಸಿ ನೆಡ್ತಿದ್ನೋ ತಡಕಾಡ್ತಿದ್ನೋ ಗೊತ್ತಾಗಲಿಲ್ಲ ನನಗೆ. ಬಟ್ಟಲನ್ನ ಎರಡು ತೂತಿನ ಮಧ್ಯೆ ಇಟ್ಟು ಕೈಬಿಟ್ಟ. ದಬಕ್ ಅಂತ ಬಿತ್ತು. ಒಂದ್ಸಲ ಅಲ್ಲ, ನಾಕು ಸಲ."

"ಕೈ ಜಾರಿರಬೇಕು ಅಜ್ಜಿ."

"ಕೈ ಜಾರೋರು ಹಾಗೆ ಬೆರಳಲ್ಲಿ ತೂತು ಹುಡುಕಲ್ಲ. ಪೊರೆ ಆಪರೇಷನ್ ಆದ ಮೇಲೆ ನನ್ನ ಕಣ್ಣು ಹದ್ದಿನ ಕಣ್ಣು. ನನಗೆ ಹೇಳಬೇಡ."

ಮಗಳು ಒಂದು ಬಟ್ಟಲು ಎತ್ತಿ ನೋಡಿದಳು. ಬೇರು ಕೆಳಗಿಳಿಯದೆ ಸ್ಪಂಜಿನ ಪಕ್ಕಕ್ಕೆ ಮಡಚಿ ಒಣಗಿತ್ತು. ಇನ್ನೊಂದು, ಹಾಗೇ. ಮೂವತ್ತೆರಡರಲ್ಲಿ ಹತ್ತೊಂಬತ್ತು ಹಾಗೆ. ಎರಡರಲ್ಲಂತೂ ಸ್ಪಂಜು ತಲೆಕೆಳಗು. ಎಲೆ ಕತ್ತಲಲ್ಲಿ, ಬೇರು ಗಾಳಿಯಲ್ಲಿ. ಅವಳು ಕೊಳವೆಯಲ್ಲಿ ನೀರು ತೆಗೆದು ಮೂರು ಹನಿ ಹಾಕಿ ಅಲುಗಿಸಿದಳು. ನೀಲಿ. ದೀಪದ ಕೆಳಗೆ ಹಿಡಿದರೂ ನೀಲಿ. ನೋಟ್‌ಬುಕ್ಕು ತೆರೆದಳು. ಇವತ್ತಿನ ತಾರೀಕು, ಮುಂದೆ ದಪ್ಪ ಅಕ್ಷರದಲ್ಲಿ ಹಳದಿ.

ಊಟಕ್ಕೆ ಕೂತಾಗ ಕೊಳವೆಯನ್ನು ಅಪ್ಪನ ತಟ್ಟೆಯ ಮುಂದಿಟ್ಟಳು.

"ಇದು ಯಾವ ಬಣ್ಣ ಅಪ್ಪ?"

ಅಪ್ಪನ ಕೈ ತುತ್ತಿನಲ್ಲೇ ನಿಂತಿತು. "ಹಳದಿ."

"ಸರಿಯಾಗಿ ನೋಡು."

"ಅನ್ನದ ಮುಂದೆ ಆ ಆಸಿಡ್ಡೆಲ್ಲ ಯಾಕೆ ತಂದಿಟ್ಟೆ?" ಅಮ್ಮ ಕೊಳವೆ ಕಿತ್ತುಕೊಂಡು ಎದ್ದಳು. ಸಿಂಕಿಗೆ ಸುರಿದ ಸದ್ದು ಕೇಳಿಸಿತು. "ಇಡೀ ದಿನ ಬಸ್ಸು ಓಡಿಸಿ ಬಂದವರಿಗೆ ಪರೀಕ್ಷೆ ಮಾಡ್ತಾಳಂತೆ, ಪರೀಕ್ಷೆ!"

ಅಪ್ಪ ತಟ್ಟೆ ಅರ್ಧಕ್ಕೆ ಬಿಟ್ಟು ಎದ್ದ. ಅಜ್ಜಿ ಯಾರ ಮುಖವನ್ನೂ ನೋಡದೆ ಅನ್ನ ಕಲಸುತ್ತಿದ್ದಳು.

ಆ ವಾರವೆಲ್ಲ ಮನೆಯಲ್ಲಿ ಒಂದು ವಿಚಿತ್ರ ಮಣಮಣ. ಅಪ್ಪ ಸ್ನಾನಕ್ಕೆ ಹೋದರೆ ಅಮ್ಮ ಬಾಗಿಲ ಹೊರಗೆ ಬಟ್ಟೆ ಮಡಚುತ್ತ ನಿಲ್ಲುತ್ತಾಳೆ. ಅವನು ಒಳಗಿಂದ, "ಬಲ, ಮೇಲೆ, ಎಡ, ಎಡ, ಕೆಳಗೆ..." ಅನ್ನುತ್ತಾನೆ. ಅವಳು, "ಐದನೇದು ಬಲ ರೀ, ಕೆಳಗೆ ಅಲ್ಲ," ಅನ್ನುತ್ತಾಳೆ. ಮಗಳು ಬಂದರೆ ಇಬ್ಬರೂ ಗಪ್‌ಚುಪ್. ಅಪ್ಪನ ಬೆನ್ನುನೋವಿಗೆ ಯಾರೋ ಹೇಳಿಕೊಟ್ಟ ಕಸರತ್ತು ಅಂದುಕೊಂಡಳು.

ಶುಕ್ರವಾರ ಔಷಧಿ ಅಂಗಡಿಗೆ ಕನ್ನಡಕದವರು ಬಂದು ಗೋಡೆಗೆ ಕಣ್ಣು ಪರೀಕ್ಷೆಯ ಹೊಸ ಹಲಗೆ ತೂಗುಹಾಕಿದರು. ಮೂರು ಕಾಲಿನ ಒಂದೇ ಗುರುತು, ಸಾಲು ಸಾಲಿಗೆ ಚಿಕ್ಕದಾಗುತ್ತ, ಒಂದು ಬಲಕ್ಕೆ ತಿರುಗಿದೆ, ಒಂದು ಮೇಲಕ್ಕೆ, ಒಂದು ಎಡಕ್ಕೆ. ಓದು ಬಾರದ ಮುದುಕನೊಬ್ಬ ದೂರ ನಿಂತು, "ಬಲ... ಮೇಲೆ... ಎಡ..." ಅಂತ ಹೇಳತೊಡಗಿದ. ಮಗಳ ಕೈಯಲ್ಲಿದ್ದ ಮಾತ್ರೆಯ ಡಬ್ಬಿ ಕೌಂಟರಿನ ಮೇಲೆ ಚೆಲ್ಲಿಹೋಯಿತು.

ಮನೆಗೆ ಬಂದವಳೇ ಅಮ್ಮನ ಮಷೀನಿನ ಚಕ್ರ ಕೈಯಲ್ಲಿ ಹಿಡಿದು ನಿಲ್ಲಿಸಿದಳು.

"ಎಷ್ಟು ದಿನದಿಂದ?"

ಅಮ್ಮ ಏನು ಅಂತ ಕೇಳಲಿಲ್ಲ. "ಹೋದ ವರ್ಷ ಡಿಪೋದಲ್ಲಿ ಕಣ್ಣು ಪರೀಕ್ಷೆ ಆಯ್ತಲ್ಲ, ಅದಕ್ಕಿಂತ ಸ್ವಲ್ಪ ಮುಂಚೆಯಿಂದ," ಅಂದಳು. "ಈ ವರ್ಷದ್ದೂ ಹತ್ತಿರ ಬಂತು. ಅಲ್ಲಿ ಹಲಗೆ ಒಂದೇ, ಬದಲಾಯಿಸಲ್ಲ. ಕಂಡಕ್ಟರ್ರು ಫೋಟೋ ತೆಗೆದುಕೊಟ್ಟಿದ್ರು."

"ಡಾಕ್ಟರ ಹತ್ರ ಹೋಗೋದು ಬಿಟ್ಟು ಬಾಯಿಪಾಠ ಮಾಡಿಸ್ತಿದ್ದೀಯ?"

"ಡಾಕ್ಟರು ಚೀಟಿ ಬರೀತಾರೆ. ಚೀಟಿ ಡಿಪೋಗೆ ಹೋಗುತ್ತೆ. ಸ್ಟೀರಿಂಗ್ ಕಿತ್ಕೋತಾರೆ. ಅವರ ಜೊತೆಯವರೊಬ್ಬರನ್ನ ಹಾಗೇ ಇಳಿಸಿ ಟೈರಿಗೆ ಗಾಳಿ ತುಂಬೋಕೆ ಹಾಕಿದ್ರು. ಆ ಮನುಷ್ಯ ವರ್ಷ ತುಂಬೋದ್ರೊಳಗೆ ಮನೆಯಿಂದ ಹೊರಗೆ ಬರೋದೇ ಬಿಟ್ಟ. ಇನ್ನು ನಾಲ್ಕೇ ವರ್ಷ ಕಣೇ ಸರ್ವಿಸು. ಇಪ್ಪತ್ತೆಂಟು ವರ್ಷದಲ್ಲಿ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ. ಆ ರಸ್ತೆ ಅವರಿಗೆ ಅಂಗೈ ಇದ್ದ ಹಾಗೆ."

"ರಸ್ತೆ ಗೊತ್ತು ಅಮ್ಮ. ರಸ್ತೆಗೆ ಇಳಿಯೋರು ಗೊತ್ತಿಲ್ವಲ್ಲ!"

"ಮೆಲ್ಲಗೆ," ಅಂದಳು ಅಮ್ಮ. "ಅತ್ತೆಗೆ ಕೇಳಿಸುತ್ತೆ."

"ಅತ್ತೆಗೆ ಕೇಳಿಸಿ ಎಂಟು ದಿನ ಆಯ್ತು," ಅಂತ ಒಳಗಿಂದ ಬಂತು.

ಭಾನುವಾರ ಬೆಳಗ್ಗೆ ಕಂಡಕ್ಟರು ಮನೆಗೆ ಬಂದ. ಹನ್ನೊಂದು ವರ್ಷ ಅಪ್ಪನ ಜೊತೆ ಒಂದೇ ಬಸ್ಸಿನಲ್ಲಿ ದುಡಿದವನು. ಅಪ್ಪ ಸ್ನಾನದ ಮನೆಯಲ್ಲಿದ್ದ. ಕಂಡಕ್ಟರು ಬಾಲ್ಕನಿಗೆ ಹೋಗಿ, ಉಳಿದಿದ್ದ ಹದಿಮೂರು ಸಸಿ ನೋಡಿ, "ಚೆನ್ನಾಗಿವೆ," ಅಂದ. ಚೆನ್ನಾಗಿರಲಿಲ್ಲ. ಕೊಟ್ಟ ಚಹಾ ಮುಟ್ಟದೆ ಕೂತ.

"ಅತ್ತಿಗೆ, ನನ್ನನ್ನ ಬೇರೆ ರೂಟಿಗೆ ಹಾಕಿದ್ದಾರೆ. ನಾಳೆಯಿಂದಲೇ."

ಅಮ್ಮ ಬಾಗಿಲಿಗೆ ಒರಗಿಕೊಂಡಳು.

"ಅಣ್ಣನ ಬಸ್ಸಿಗೆ ಹೊಸ ಹುಡುಗಿ ಬರ್ತಾಳೆ. ಕೆಲಸಕ್ಕೆ ಸೇರಿ ವಾರ ಆಗಿದೆ ಅಷ್ಟೆ." ಅವನು ಮಗಳ ಕಡೆ ತಿರುಗಿದ. "ನಿನಗೂ ಗೊತ್ತಾಗಿರಬೇಕು ಅಲ್ವಮ್ಮ? ಸಿಗ್ನಲ್ ಹತ್ರ ಬಂದ ಕೂಡಲೇ ನಾನು ಮುಂದೆ ಹೋಗಿ ನಿಲ್ತಿದ್ದೆ. ‘ಟಿಕೆಟ್ ಟಿಕೆಟ್’ ಅಂತ ಎರಡು ಸಲ ಅಂದ್ರೆ ಕೆಂಪು. ಒಂದೇ ಸಲ ಅಂದ್ರೆ ಹೋಗಬಹುದು. ಎಡಗಡೆಯಿಂದ ಯಾರಾದ್ರೂ ನುಗ್ಗಿದ್ರೆ ಕಂಬಿ ಕುಟ್ಟುತ್ತಿದ್ದೆ. ಮೊದಮೊದಲು ಯಾವಾಗಲೋ ಒಮ್ಮೆ. ಈಗ ಆರು ತಿಂಗಳಿಂದ ಟ್ರಿಪ್ಪಿಗೆ ಹತ್ತು ಸಲ."

"ಚಿಕ್ಕಪ್ಪ, ಅರವತ್ತು ಜನ ಕೂತಿರ್ತಾರೆ ಅದರಲ್ಲಿ!"

"ನಿಂತವರನ್ನ ಬಿಟ್ಟೆ ನೀನು," ಅಂದ ಅವನು. "ನನಗೆ ನಿದ್ದೆ ಬಂದು ಎಷ್ಟು ದಿನ ಆಯ್ತೋ."

ಮಗಳು ಫೋನು ಕೈಗೆತ್ತಿಕೊಂಡಳು. "ಡಿಪೋ ನಂಬರ್ ಕೊಡಿ."

ಅಮ್ಮ ಓಡಿ ಬಂದು ಅವಳ ಮುಂಗೈ ಹಿಡಿದಳು. "ಹೆತ್ತಪ್ಪನ ಮೇಲೆ ದೂರು ಕೊಡ್ತೀಯ?"

"ಬಿಡಮ್ಮ!"

"ಫೋನು ಇಡು," ಅಂದಳು ಅಜ್ಜಿ. ಗೋಡೆ ಹಿಡಿದು ನಡೆದು ಬಂದಿದ್ದಳು. "ನಿನ್ನ ಬಾಯಿಂದ ಬೇಡ. ನಾಲಿಗೆ ಅವನಿಗೂ ಇದೆ."

ಬಚ್ಚಲ ಬಾಗಿಲಲ್ಲಿ ಅಪ್ಪ ನಿಂತಿದ್ದ, ತಲೆಗೂದಲಿಂದ ನೀರು ತೊಟ್ಟಿಕ್ಕುತ್ತ. ಎಲ್ಲ ಕೇಳಿಸಿಕೊಂಡಿದ್ದ.

"ನಾಳೆ ನಾನು ಡ್ಯೂಟಿಗೆ ಹೋಗ್ತೀನಿ," ಅಂದ. "ಯಾರೂ ಟಿಕೆಟ್ ಟಿಕೆಟ್ ಅನ್ನಬೇಕಾಗಿಲ್ಲ. ನೋಡ್ಕೊಂಡು ಓಡಿಸ್ತೀನಿ."

"ನೋಡ್ಕೊಂಡು?" ಅಂದಳು ಮಗಳು.

ಕಂಡಕ್ಟರು ಎದ್ದು ಚಪ್ಪಲಿ ಮೆಟ್ಟಿಕೊಂಡ. ಹೋಗುವಾಗ ಅಪ್ಪನ ಭುಜ ಮುಟ್ಟಲು ಕೈ ಚಾಚಿ, ಹಾಗೇ ಹಿಂದಕ್ಕೆ ತೆಗೆದುಕೊಂಡ.

"ಡಿಪೋ ಆಫೀಸು ಒಂಬತ್ತಕ್ಕೆ ತೆಗೀತಾರೆ," ಅಂದಳು ಮಗಳು. "ನಾಳೆ ಒಂಬತ್ತರೊಳಗೆ ನೀನು ಹೇಳಿರಬೇಕು. ಇಲ್ಲದಿದ್ರೆ ನಾನೇ ಹೋಗಿ ಹೇಳ್ತೀನಿ. ನನ್ನನ್ನ ಮಗಳಲ್ಲ ಅಂದ್ಕೊಂಡ್ರೂ ಪರವಾಗಿಲ್ಲ."

"ಅಂದ್ಕೊಂಡೆ ಬಿಡು," ಅಂದ ಅಪ್ಪ.

ಸೋಮವಾರ ಬೆಳಗ್ಗೆ ಅಮ್ಮ ಬುತ್ತಿ ಕಟ್ಟಲಿಲ್ಲ. ಸೀರೆ ಬದಲಿಸಿ, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನೀನೆಲ್ಲಿಗೆ?"

"ನಿಮ್ಮ ಬಸ್ಸಿಗೆ."

"ಹುಚ್ಚು ಗಿಚ್ಚು ಹಿಡೀತಾ?"

"ಹಿಡಿದು ಒಂದು ವರ್ಷ ಆಯ್ತು. ನಡೀರಿ."

ಮೊದಲ ಟ್ರಿಪ್ಪು ಆರೂವರೆಗೆ. ಅಮ್ಮ ಡ್ರೈವರನ ಪಕ್ಕ, ಇಂಜಿನಿನ ಹತ್ತಿರದ ಒಂಟಿ ಸೀಟಿನಲ್ಲಿ ಕೂತಳು. ಹೊಸ ಕಂಡಕ್ಟರ್ ಹುಡುಗಿ ಟಿಕೆಟ್ಟು ಯಂತ್ರದ ಜೊತೆ ಗುದ್ದಾಡುತ್ತ ಹಿಂದೆಯೇ ಉಳಿದಳು. ಮೂರು ನಿಲ್ದಾಣ ಕಳೆಯುವುದರೊಳಗೆ ಬಸ್ಸು ತುಂಬಿತು. ಆಸ್ಪತ್ರೆ ಆಯಾಗಳು, ಕಾರ್ಖಾನೆಯವರು, ಚೀಲ ಹೊತ್ತ ಶಾಲೆ ಮಕ್ಕಳು. ಮಕ್ಕಳಲ್ಲಿ ಇಬ್ಬರು ಹಾಕಿದ್ದು ಅಮ್ಮ ಹೊಲಿದ ಸಮವಸ್ತ್ರ; ಕಾಲರಿನ ಹೊಲಿಗೆ ನೋಡಿದರೇ ಅವಳಿಗೆ ಗೊತ್ತಾಯಿತು.

"ಕೆಂಪು," ಅಂದಳು ಮೆಲ್ಲಗೆ. ಬಸ್ಸು ನಿಂತಿತು.

"ಹಸಿರು." ಹೊರಟಿತು.

ಹೀಗೆ ಎರಡು ಸಿಗ್ನಲ್ಲು ದಾಟಿತು. ಗಂಡ ಓಡಿಸುವ ಬಸ್ಸಿನಲ್ಲಿ ಅವಳು ಎಷ್ಟೋ ಸಲ ಕೂತಿದ್ದಳು. ಅವನ ಕತ್ತನ್ನು ಮಾತ್ರ ಹೀಗೆ ಯಾವತ್ತೂ ನೋಡಿರಲಿಲ್ಲ. ನರಗಳು ಹಗ್ಗದ ಹಾಗೆ ಸೆಟೆದಿದ್ದವು. ಮುಖ ಗಾಜಿಗೆ ಅಂಟುವಷ್ಟು ಮುಂದೆ ಬಾಗಿತ್ತು. ಅವನು ಮುಂದಿನ ಗಾಡಿಗಳ ಬೆನ್ನು ನೋಡಿಕೊಂಡು ಓಡಿಸುತ್ತಿದ್ದ. ಅವು ನಿಂತರೆ ನಿಲ್ಲುತ್ತಿದ್ದ, ಹೊರಟರೆ ಹೊರಡುತ್ತಿದ್ದ.

ಮಾರುಕಟ್ಟೆಯ ತಿರುವಿನಲ್ಲಿ ಮುಂದೆ ಯಾವ ಗಾಡಿಯೂ ಇರಲಿಲ್ಲ. ಎಡಗಡೆಯ ಸಂದಿಯಿಂದ ಒಬ್ಬ ಹೆಂಗಸು ಮೂಟೆ ತುಂಬಿದ ತಳ್ಳುಗಾಡಿ ತಳ್ಳಿಕೊಂಡು ರಸ್ತೆಗಿಳಿದಳು. ಅಮ್ಮ ನೋಡಿದಳು. ಅವನೂ ನೋಡಿದ್ದಾನೆ ಅಂದುಕೊಂಡಳು. ಬಸ್ಸಿನ ವೇಗ ತಗ್ಗಲಿಲ್ಲ. ಕೆಂಪು, ಹಸಿರು ಅನ್ನುವ ಎರಡು ಮಾತು ಬಿಟ್ಟರೆ ಅವಳ ನಾಲಿಗೆಗೆ ಬೇರೆ ಏನೂ ಸಿದ್ಧವಿರಲಿಲ್ಲ.

"ರೀ!"

ಬ್ರೇಕು ಕಿರುಚಿತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಒಂದು ಮಗು ಅತ್ತಿತು. ತಳ್ಳುಗಾಡಿಗೂ ಬಂಪರಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಆ ಹೆಂಗಸು ಬಿಟ್ಟ ಬಾಯಿ ಬಿಟ್ಟಂತೆ ನಿಂತಿದ್ದಳು. ಆಮೇಲೆ ಬಾಯಿಗೆ ಬಂದ ಹಾಗೆ ಬೈದು, ಗಾಡಿ ತಳ್ಳಿಕೊಂಡು ಹೋದಳು.

"ಏನ್ರೀ, ಮನುಷ್ಯರನ್ನ ತುಂಬಿದ್ದೀರೋ ಕುರಿಗಳನ್ನೋ?" ಹಿಂದಿನಿಂದ ಯಾರೋ ಕೂಗಿದರು. ಹೊಸ ಹುಡುಗಿ ತಳ್ಳಿಕೊಂಡು ಮುಂದೆ ಬಂದಳು. "ಏನಾಯ್ತು ಸರ್?"

ಅಪ್ಪ ಹೆಂಡತಿಯ ಕಡೆ ತಿರುಗಿದ. "ಯಾರಿದ್ರು?"

ಅವಳಿಗೆ ಅಳು ಬಂತು. "ಒಬ್ಬಳು ಹೆಂಗಸು. ಗಾಡಿ ತಳ್ಕೊಂಡು."

"ನನಗೆ ಕಾಣಲೇ ಇಲ್ಲ," ಅಂದ. "ಮಬ್ಬಾಗಿ ಅಂತಲೂ ಅಲ್ಲ. ಇರಲೇ ಇಲ್ಲ ಅವಳು ಅಲ್ಲಿ."

ಬಸ್ಸನ್ನು ನಿಧಾನವಾಗಿ ಪಕ್ಕಕ್ಕೆ ತಂದು ನಿಲ್ಲಿಸಿದ. ಹ್ಯಾಂಡ್‌ಬ್ರೇಕು ಎಳೆದ, ಇಂಜಿನು ಆರಿಸಿದ, ಕೀಲಿ ತೆಗೆದ. "ಡಿಪೋಗೆ ಫೋನು ಮಾಡಮ್ಮ," ಅಂದ ಹುಡುಗಿಗೆ. "ಬೇರೆ ಡ್ರೈವರ್‌ನ ಕಳಿಸೋಕೆ ಹೇಳು. ಬಸ್ಸು ಸರಿ ಇದೆ, ಡ್ರೈವರ್ರೇ ಇನ್ನು ಓಡಿಸಲ್ಲ ಅಂತ ಹೇಳು." ಜನ ಗೊಣಗಿದರು. ಒಬ್ಬ ಟಿಕೆಟ್ಟಿನ ದುಡ್ಡು ವಾಪಸು ಕೇಳಿದ. ಬೇರೆ ಡ್ರೈವರು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಪ್ಪ ಸಮವಸ್ತ್ರದಲ್ಲಿ ಫುಟ್‌ಪಾತಿನ ಮೇಲೆ ಕೀಲಿ ಹಿಡಿದುಕೊಂಡು ನಿಂತಿದ್ದ. ಅಮ್ಮ ಮಗಳಿಗೆ ಫೋನು ಮಾಡಿ, "ನೀನು ಡಿಪೋಗೆ ಹೋಗಬೇಡ, ಅವರೇ ಹೇಳಿದ್ರು," ಅಂತಷ್ಟೇ ಹೇಳಿ ಇಟ್ಟಳು.

ಹತ್ತು ಗಂಟೆಗೆ ಇಬ್ಬರೂ ಮನೆ ಬಾಗಿಲಲ್ಲಿ ನಿಂತದ್ದನ್ನು ಕಂಡು ಅಜ್ಜಿ ಕುರ್ಚಿಯಿಂದ ಎದ್ದಳು.

"ಏನಾಯ್ತೋ? ಯಾರಿಗೆ ಏನಾಯ್ತು?"

"ಏನೂ ಆಗಲಿಲ್ಲಮ್ಮ," ಅಂದ ಅಪ್ಪ. "ಆಗೋಕೆ ಮುಂಚೆ ಬಂದ್ಬಿಟ್ಟೆ."

ಕಣ್ಣಾಸ್ಪತ್ರೆಗೆ ಆ ವಾರ ಮೂರು ಸಲ ಓಡಾಡಿದರು. ಬಲಗಣ್ಣಿಗೆ ಪೊರೆ, ತೆಗೆಯಬಹುದು. ಎಡಗಣ್ಣಿನ ಒಳಗೆ ಒತ್ತಡ ಹೆಚ್ಚಾಗಿ ನರ ಸೊರಗಿದೆ, ಪಕ್ಕದ ನೋಟ ಹೋಗಿದೆ. ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯಬೇಕಾದರೆ ಬದುಕಿರುವವರೆಗೂ ಹನಿ ಹಾಕಬೇಕು. "ಒಂದು ವರ್ಷ ಮುಂಚೆ ಬಂದಿದ್ರೆ..." ಅಂತ ಡಾಕ್ಟರು ಶುರುಮಾಡಿ, ಅಮ್ಮನ ಮುಖ ನೋಡಿ, ಅಷ್ಟಕ್ಕೇ ನಿಲ್ಲಿಸಿದರು. ಅಮ್ಮ ಅವತ್ತು ಮನೆಗೆ ಬಂದು ಮಷೀನಿನ ಮುಂದೆ ಕೂತಳು. ಒಂದು ಹೊಲಿಗೆಯನ್ನೂ ಹಾಕಲಿಲ್ಲ.

ಹಿಂದಿನ ಹದಿಮೂರೂ ಬಾಡಿಹೋದ ಮೇಲೆ ಮೂರನೇ ಸಲದ ಸಸಿಗಳನ್ನು ನೀರಿಗಿಟ್ಟದ್ದು ಅದರ ಮುಂದಿನ ಭಾನುವಾರ. ಮಗಳು ಒಬ್ಬಳೇ ಮಾಡುತ್ತೇನೆ ಅಂದಳು. ಅಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ವಾರದಿಂದ ಇಬ್ಬರಿಗೂ ಮಾತಿರಲಿಲ್ಲ.

"ಬೇರು ನನ್ನ ಕೈಗೆ ಕೊಡು," ಅಂದ ಕೊನೆಗೆ. "ಕಣ್ಣಿಂದ ಆಗಲ್ಲ. ಬೆರಳಿಂದ ನೋಡ್ತೀನಿ."

ಅವಳು ಒಂದು ಸ್ಪಂಜು ಅವನ ಅಂಗೈ ಮೇಲಿಟ್ಟಳು. ಅವನು ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ ಬೇರನ್ನು ತಡವಿ, ಸೀಳಿನಿಂದ ಕೆಳಗಿಳಿಸಿದ. ಬಟ್ಟಲನ್ನು ಅವಳು ತೂತಿಗಿಟ್ಟಳು.

"ಗೊಬ್ಬರ ಹೆಚ್ಚಾಯ್ತು, ಹೆಚ್ಚಾಯ್ತು! ಗೆರೆ ದಾಟಿತು!" ಅಂತ ಅಜ್ಜಿ ಕುರ್ಚಿಯಿಂದ ಅಮ್ಮನ ಮೇಲೆ ರೇಗಿದಳು.

"ದಾಟಿಲ್ಲ ಅತ್ತೆ. ನಿಮ್ಮ ಹದ್ದಿನ ಕಣ್ಣು ಸ್ವಲ್ಪ ಮುಚ್ಚಿಕೊಳ್ಳಿ."

ಹದಿನೈದು ದಿನಕ್ಕೆ ಮೂವತ್ತೆರಡರಲ್ಲಿ ಇಪ್ಪತ್ನಾಲ್ಕು ನಿಂತವು. ಉಳಿದವು ಯಾಕೆ ಹೋದವೋ ಯಾರಿಗೂ ತಿಳಿಯಲಿಲ್ಲ. ನಿಂತವುಗಳಲ್ಲೂ ಮೂರರ ಎಲೆ ಸಪ್ಪಗಿತ್ತು. ಬೆಳಗ್ಗೆ ಎದ್ದ ಕೂಡಲೇ ಎಲ್ಲರೂ ಒಬ್ಬರಾದ ಮೇಲೊಬ್ಬರು ಹೋಗಿ ಆ ಮೂರನ್ನೇ ನೋಡಿ ಬರುತ್ತಿದ್ದರು.

ಡಿಪೋದಿಂದ ಕಾಗದ ಬಂತು. ಬೇರೆ ಕೆಲಸ ಬೇಕಿದ್ದರೆ ಕಾರಣ ಬರೆದು ಅರ್ಜಿ ಕೊಡಬೇಕು. ಯಾವ ಕೆಲಸ, ಎಷ್ಟು ಸಂಬಳ ಅನ್ನುವುದು ಆಮೇಲಿನ ಮಾತು. ಊಟವಾದ ಮೇಲೆ ತಟ್ಟೆ ಸರಿಸಿ ಮಗಳು ಬರೆಯಲು ಕೂತಳು. ಹೆಸರು, ನಂಬರು, ಸೇರಿದ ವರ್ಷ. ಕಾರಣ ಅನ್ನುವ ಕಡೆ ಪೆನ್ನು ನಿಂತಿತು.

"ಆರೋಗ್ಯ ಸರಿಯಿಲ್ಲ ಅಂತ ಬರಿ," ಅಂದಳು ಅಮ್ಮ. "ಅಷ್ಟು ಸಾಕು."

"ವಯಸ್ಸಾಯ್ತು ಅಂತ ಬರಿ," ಅಂದಳು ಅಜ್ಜಿ. "ಅದು ಸುಳ್ಳೂ ಅಲ್ಲ, ಅವಮಾನವೂ ಅಲ್ಲ."

ಅಪ್ಪ ಮೇಜಿನ ಮೇಲೆ ಬಿದ್ದಿದ್ದ ಅನ್ನದ ಅಗುಳನ್ನು ಬೆರಳಿಂದ ಹುಡುಕಿ ಹುಡುಕಿ ಒಂದು ಕಡೆ ಕೂಡಿಸುತ್ತಿದ್ದ.

"ಕಣ್ಣು ಕಾಣಲ್ಲ ಅಂತ ಬರಿ," ಅಂದ.

ಆ ಮಾತನ್ನು ಆ ಮನೆಯಲ್ಲಿ ಇಷ್ಟು ನೇರವಾಗಿ ಯಾರೂ ಆಡಿರಲಿಲ್ಲ. ಮಗಳು ಬರೆದಳು. ಕಾಗದವನ್ನು ಅವನ ಮುಂದೆ ಸರಿಸಿ ಪೆನ್ನು ಕೊಟ್ಟಳು.

"ಎಲ್ಲಿ?"

ಅವಳು ಅವನ ತೋರುಬೆರಳು ಹಿಡಿದು ಕಾಗದದ ಕೆಳಗಿನ ಮೂಲೆಗೆ ಮುಟ್ಟಿಸಿದಳು. ಅವನು ಸಹಿ ಹಾಕಿದ. ಸಹಿ ಗೆರೆ ಬಿಟ್ಟು ಮೇಲಕ್ಕೆ ಏರಿ, ಕೊನೆಯ ಅಕ್ಷರ ಅಂಚಿನಾಚೆ ಮೇಜಿನ ಮೇಲೆ ಬಿತ್ತು.

"ಸರಿಯಾಗಿ ಬಂತಾ?"

ಅಮ್ಮ ಬಾಯಿ ತೆರೆಯುವುದರೊಳಗೆ ಮಗಳು ಹೇಳಿದಳು. "ಇಲ್ಲ ಅಪ್ಪ. ಸೊಟ್ಟ ಬಂದಿದೆ."

"ಸರಿ," ಅಂದ ಅಪ್ಪ. "ಹಾಗಾದ್ರೆ ಇನ್ನೊಂದು ಕಾಗದ ಕೊಡು."